ಡಿಸೆಂಬರ್ 18ಕ್ಕೆ ಶಾಲೆಗೆ ಜನರಲ್ ಬರುತ್ತಾರೆ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಬರುವ ಡಿಸೆಂಬರ್ 18ಕ್ಕೆ ನಿವೃತ್ತ ಮೇಜರ್ ಜನರಲ್ ಒಬ್ಬರು ಶಾಲೆಗೆ ಬರುತ್ತಾರೆ ಅಂತ ಮಕ್ಕಳ ಡೈರಿಯಲ್ಲಿ ಬರೆಸಿದ್ದೆವು. ಆವತ್ತಿನಿಂದ ಆಫೀಸಿನ ಫೋನಿಗೆ ಬಿಡುವಿಲ್ಲ. ಅಮ್ಮಂದಿರು ಕೇಳುವುದು, "ಟೀಚರೇ, ಮಕ್ಕಳನ್ನು ಮಿಲಿಟರಿಗೆ ಸೇರಿಸ್ಲಿಕ್ಕೆ ಬರುವುದಾ?" ಅಪ್ಪಂದಿರು ಕೇಳುವುದು, "ಅವರ ಹತ್ರ ಒಂದು ಮಾತು ಹೇಳಿದ್ರೆ ನಮ್ಮ ಹುಡುಗನಿಗೆ ಏನಾದ್ರೂ ಆಗ್ತದಾ?" ಎರಡಕ್ಕೂ ನನ್ನ ಉತ್ತರ ಒಂದೇ: ಇಲ್ಲ. ಮತ್ತೆ ಯಾಕೆ ಬರುತ್ತಿದ್ದಾರೆ ಅನ್ನುವುದಕ್ಕೆ ಈ ಪತ್ರ. ಸ್ವಲ್ಪ ಉದ್ದ ಇದೆ, ರಾತ್ರಿ ಊಟ ಮುಗಿಸಿ ಓದಿ.

ಅತಿಥಿ ನಮ್ಮ ಜಿಲ್ಲೆಯವರೇ. ಕನ್ನಡ ಮಾಧ್ಯಮದಲ್ಲಿ ಓದಿದವರು. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿ, ಡಿಗ್ರಿ ಮುಗಿಸಿ ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಗೆ ಹೋದರು. ಅಧಿಕಾರಿಯಾಗಿ ಕಾಲಾಳು ಪಡೆಗೆ ಸೇರಿದಾಗ ಕೈಕೆಳಗೆ ಇದ್ದದ್ದು ಒಂದು ಪ್ಲಟೂನ್, ಮೂವತ್ತರ ಆಸುಪಾಸು ಜನ. ಆಮೇಲೆ ಕಂಪನಿ, ಎಂಟುನೂರರಷ್ಟು ಜನರ ಬೆಟಾಲಿಯನ್, ಅಂಥ ಮೂರು ಬೆಟಾಲಿಯನ್‌ಗಳ ಬ್ರಿಗೇಡ್, ಕೊನೆಗೆ ಡಿವಿಷನ್. ನಡುವೆ ಆಫ್ರಿಕಾದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲೂ ಇದ್ದರು. ಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ತನಕ ಸೇವೆಯ ವರ್ಷ ನೋಡಿ ಬಡ್ತಿ ಸಿಗುತ್ತದೆ. ಅಲ್ಲಿಂದ ಮೇಲೆ ಹೋಗುವುದು ಹೆಚ್ಚಾಗಿ ಸೆಲೆಕ್ಷನ್ ಬೋರ್ಡ್ ಆರಿಸಿದವರು. ಒಳ್ಳೆಯ ಅಧಿಕಾರಿಗಳೂ ದಾರಿಯಲ್ಲೇ ಉಳಿಯುತ್ತಾರೆ. ಮೇಜರ್ ಜನರಲ್‌ಗಳಿಗೆ 58ಕ್ಕೆ ನಿವೃತ್ತಿ. ಈಗ ಊರಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾರೆ.

ಅವರ ಹೆಸರು ಡೈರಿಯಲ್ಲಿದೆ. ಇಲ್ಲಿ ಬೇಕೆಂದೇ ಹಾಕಿಲ್ಲ. ಈ ಪತ್ರ ವಾಟ್ಸಾಪ್‌ನಲ್ಲಿ ಎಲ್ಲೆಲ್ಲಿಗೋ ಹೋಗುತ್ತದೆ, ಅಲ್ವಾ? ಬರಲು ಒಪ್ಪುವಾಗ ಅವರು ಹಾಕಿದ ಶರತ್ತೂ ಅಂಥದ್ದೇ. ಫ್ಲೆಕ್ಸ್ ಬೇಡ, ಶಾಲು ಬೇಡ, ಪೇಟ ಬೇಡ, ಹಣ್ಣಿನ ಬುಟ್ಟಿ ಬೇಡ. ಮಂಗಳೂರಿನಲ್ಲಿ ಇದೆಲ್ಲ ಇಲ್ಲದ ಕಾರ್ಯಕ್ರಮ ನಾನಂತೂ ನೋಡಿಲ್ಲ. ಶಾಲಾಭಿವೃದ್ಧಿ ಸಮಿತಿಯವರಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು.

ಇನ್ನೊಂದು ಶರತ್ತು ನನಗೆ ಬಹಳ ಇಷ್ಟವಾಯಿತು. "ನನ್ನ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ, ತಿಮ್ಮಯ್ಯನವರ ಬಗ್ಗೆ ಮಾತಾಡುತ್ತೇನೆ" ಅಂದರು. ತಾರೀಕು ಆರಿಸಿದ್ದೂ ಅವರೇ. ಜನರಲ್ ಕೆ.ಎಸ್. ತಿಮ್ಮಯ್ಯ ತೀರಿಕೊಂಡದ್ದು 1965ರ ಡಿಸೆಂಬರ್ 18ರಂದು. ಊರಿನಲ್ಲಲ್ಲ, ದೂರದ ಸೈಪ್ರಸ್ ದ್ವೀಪದಲ್ಲಿ, ಕೆಲಸದಲ್ಲಿರುವಾಗಲೇ.

ಸಂಪಾಜೆ ಘಾಟಿ ಹತ್ತಿದರೆ ಕೊಡಗು. ಇಷ್ಟು ಹತ್ತಿರದವರಾದರೂ ನಮ್ಮ ಮಕ್ಕಳಿಗೆ ತಿಮ್ಮಯ್ಯ ಅಂದರೆ ಒಂದು ಸರ್ಕಲ್ಲಿನ ಹೆಸರು, ಇಲ್ಲವೇ ಕ್ವಿಜ್ಜಿನ ಒಂದು ಉತ್ತರ. ಅವರು ಹುಟ್ಟಿದ್ದು 1906ರಲ್ಲಿ, ಮಡಿಕೇರಿಯಲ್ಲಿ. 1926ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಮಿಲಿಟರಿ ಕಾಲೇಜಿನಿಂದ ಅಧಿಕಾರಿಯಾಗಿ ಹೊರಬಂದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್‌ನಲ್ಲಿ ಹೋರಾಡಿದರು. ಯುದ್ಧಭೂಮಿಯಲ್ಲಿ ಬ್ರಿಗೇಡ್ ಒಂದನ್ನು ನಡೆಸಿದ ಮೊದಲ ಭಾರತೀಯ ಅವರೇ.

ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಈಗಾಗಲೇ ಹೇಳಿದ ಒಂದು ಸಂಗತಿಯನ್ನು ನಿಮಗೂ ಹೇಳಬೇಕು. 1948ರಲ್ಲಿ, ಕಾಶ್ಮೀರಕ್ಕಾಗಿ ಪಾಕಿಸ್ತಾನದ ಜೊತೆ ಯುದ್ಧ ನಡೆಯುತ್ತಿದ್ದಾಗ, ಲಡಾಖಿನ ಲೇಹ್‌ಗೆ ಹೋಗುವ ದಾರಿ ಜೋಜಿ ಲಾ ಕಣಿವೆಯಲ್ಲಿ ಶತ್ರುಗಳ ಕೈಯಲ್ಲಿತ್ತು. ಸುಮಾರು 11,500 ಅಡಿ ಎತ್ತರ, ಎರಡೂ ಕಡೆ ಬೆಟ್ಟ. ಸೆಪ್ಟೆಂಬರಿನಲ್ಲಿ ನಮ್ಮವರು ಮಾಡಿದ ದಾಳಿ ಫಲಿಸಲಿಲ್ಲ. ಆಗ ತಿಮ್ಮಯ್ಯ ಅಲ್ಲಿಗೆ ಟ್ಯಾಂಕ್ ಹತ್ತಿಸುವ ತೀರ್ಮಾನ ಮಾಡಿದರು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರಬಹುದು ಅಂತ ಯಾರೂ ಎಣಿಸಿರಲಿಲ್ಲ. ಟ್ಯಾಂಕ್‌ಗಳ ಮೇಲಿನ ಗೋಪುರ ಬಿಚ್ಚಿ, ಟಾರ್ಪಾಲು ಹೊದಿಸಿ, ಗುಟ್ಟಾಗಿ ಕಣಿವೆಯ ಬುಡದ ಬಾಲ್ತಾಲ್‌ಗೆ ತಂದರು. ದಾರಿಯ ಸೇತುವೆಗಳು ಆ ಭಾರ ತಡೆಯುವಂತಿರಲಿಲ್ಲ, ಅವನ್ನು ಗಟ್ಟಿ ಮಾಡಬೇಕಾಯಿತು. ಬಾಲ್ತಾಲ್‌ನಿಂದ ಮೇಲೆ ಇದ್ದದ್ದು ಹೇಸರಗತ್ತೆ ನಡೆಯುವ ದಾರಿ. ಅದನ್ನು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಬೆಂಗಳೂರಿನಲ್ಲಿ ಕೇಂದ್ರ ಇರುವ ಎಂಜಿನಿಯರ್ ಪಡೆ. ನವೆಂಬರ್ 1ರಂದು, ಹಿಮ ಬೀಳುವಾಗ ಟ್ಯಾಂಕ್‌ಗಳು ಕಣಿವೆಗೆ ನುಗ್ಗಿದವು. ಜೋಜಿ ಲಾ ಕೈಗೆ ಬಂತು.

ಮಕ್ಕಳು ಟ್ಯಾಂಕಿನ ಚಿತ್ರ ಬಿಡಿಸಿದರು. ನನಗೆ ಹೆಚ್ಚು ಕಂಡದ್ದು ಸೇತುವೆ ಮತ್ತು ದಾರಿ. ಜನರಲ್‌ನ ಕೆಲಸದಲ್ಲಿ ಗುಂಡು ಹಾರಿಸುವುದಕ್ಕಿಂತ ಇಂಥದ್ದೇ ಜಾಸ್ತಿ ಅಂತ ಅತಿಥಿ ಫೋನಿನಲ್ಲಿ ಹೇಳಿದರು. ಯಾವ ದಾರಿ, ಎಷ್ಟು ದಿನದ ರೇಷನ್, ಯಾರಿಗೆ ರಜೆ.

ಅವರು ಮುಖ್ಯವಾಗಿ ಮಾತಾಡಲಿರುವುದು ಇದರ ನಂತರದ ಭಾಗ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ ತಮ್ಮ ದೇಶಕ್ಕೆ ವಾಪಸ್ ಹೋಗುವುದಿಲ್ಲ ಅಂದ ಯುದ್ಧಕೈದಿಗಳು 22,000ಕ್ಕೂ ಹೆಚ್ಚು ಇದ್ದರು. ಅವರನ್ನು ಏನು ಮಾಡುವುದು? ಅದಕ್ಕೆಂದು ಐದು ದೇಶಗಳ ಆಯೋಗವಾಯಿತು. ಅಧ್ಯಕ್ಷರು ತಿಮ್ಮಯ್ಯ. ಎರಡೂ ಕಡೆಯವರಿಗೂ ಅನುಮಾನ, ಎರಡೂ ಕಡೆಯಿಂದ ಬೈಗುಳ, ಮಧ್ಯದಲ್ಲಿ ನಿಂತು ಯಾರ ಮೇಲೂ ಬಲವಂತ ಆಗದಂತೆ ನೋಡಿಕೊಳ್ಳುವ ಕೆಲಸ. 1957ರಿಂದ 1961ರ ತನಕ ಭೂಸೇನೆಯ ಮುಖ್ಯಸ್ಥರಾಗಿದ್ದರು. ಆ ನಡುವೆ 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಸರಿಬಾರದೆ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ವಾಪಸ್ ತೆಗೆದುಕೊಂಡರು. ಅದು ಸರಿಯಾ ತಪ್ಪಾ ಅಂತ ದೊಡ್ಡ ತರಗತಿಯ ಮಕ್ಕಳು ಕೇಳಲಿ, ನನಗೂ ಕುತೂಹಲ ಇದೆ.

ನಿವೃತ್ತಿಯಾಗಿ ಆರಾಮವಾಗಿ ಇರಬಹುದಿತ್ತು. ಆದರೆ 1964ರಲ್ಲಿ, 58ನೇ ವಯಸ್ಸಿನಲ್ಲಿ, ಸೈಪ್ರಸ್‌ನಲ್ಲಿದ್ದ ವಿಶ್ವಸಂಸ್ಥೆಯ ಪಡೆಯ ಕಮಾಂಡರ್ ಆಗಿ ಹೋದರು. ಸೈಪ್ರಸ್ ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಸೇರಿದರೆ ಎಷ್ಟೋ ಅದಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅಲ್ಲಿ ಗ್ರೀಕ್ ಮತ್ತು ತುರ್ಕಿ ಮಾತಾಡುವ ಎರಡು ಸಮುದಾಯಗಳು ಒಂದೇ ಊರಿನಲ್ಲಿ ಅಕ್ಕಪಕ್ಕ ಬದುಕಿದ್ದವು. 1963ರ ಡಿಸೆಂಬರಿನಲ್ಲಿ ಹೊಡೆದಾಟ ಶುರುವಾಯಿತು. ಒಬ್ಬ ಬ್ರಿಟಿಷ್ ಅಧಿಕಾರಿ ರಾಜಧಾನಿ ನಿಕೊಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಗೆರೆ ಎಳೆದರು, ಆಚೆಯವರು ಆಚೆ, ಈಚೆಯವರು ಈಚೆ. ಆ ಗೆರೆ ಇವತ್ತಿಗೂ ಇದೆ, ವಿಶ್ವಸಂಸ್ಥೆಯ ಪಡೆಯೂ ಇದೆ. ತಿಮ್ಮಯ್ಯ ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆ ಚೀಟಿ ತಂದಿತು. ತುಳು, ಕೊಂಕಣಿ, ಬ್ಯಾರಿ, ಕನ್ನಡ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ನಮ್ಮ ಶಾಲೆಯಲ್ಲಿ ಈ ಕಥೆ ಹೇಳಿಸಬೇಕು ಅಂತ ನನಗೆ ಯಾಕೆ ಅನಿಸಿತು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಕೆಲಸದ ವಿಚಾರ. ಫೋನ್ ಮಾಡಿದ ಅಪ್ಪಂದಿರಿಗೆ ಇಷ್ಟು ಹೇಳುತ್ತೇನೆ. ಸೇನಾಧಿಕಾರಿಗಳನ್ನು ತಯಾರು ಮಾಡುವ ನ್ಯಾಷನಲ್ ಡಿಫೆನ್ಸ್ ಅಕಾಡೆಮಿಯ (ಎನ್‌ಡಿಎ) ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಭೂಸೇನೆಗಾದರೆ ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ಆಗುತ್ತದೆ, ಆದರೆ ಪರೀಕ್ಷೆಯಲ್ಲಿ ಗಣಿತದ ಪತ್ರಿಕೆ ತಪ್ಪುವುದಿಲ್ಲ. ಪಾಸಾದ ಮೇಲೆ ಐದು ದಿನದ ಎಸ್‌ಎಸ್‌ಬಿ, ಅಂದರೆ ಸೇನೆಯ ಆಯ್ಕೆ ಮಂಡಳಿಯ ಸಂದರ್ಶನ. ಅಲ್ಲಿ ಯಾರ ಶಿಫಾರಸೂ ನಡೆಯುವುದಿಲ್ಲ. ಹುಡುಗಿಯರ ಮೊದಲ ತಂಡ 2022ರಲ್ಲಿ ಪುಣೆ ಹತ್ತಿರ ಖಡಕ್‌ವಾಸ್ಲಾದಲ್ಲಿರುವ ಈ ಅಕಾಡೆಮಿಗೆ ಸೇರಿತು. ಇದನ್ನು ಅಮ್ಮಂದಿರಿಗಿಂತ ಮೊದಲು ನಮ್ಮ ಒಂಬತ್ತನೇ ತರಗತಿಯ ಹುಡುಗಿಯರೇ ತಿಳಿದುಕೊಂಡಿದ್ದಾರೆ! ಹೆಚ್ಚಿನ ವಿವರ ಬೇಕಾದವರು ನಮ್ಮ ಎನ್‌ಸಿಸಿ ಮಾಸ್ಟರರ ಹತ್ತಿರ ಕೇಳಿ, ದಯವಿಟ್ಟು ಆವತ್ತು ಅತಿಥಿಯನ್ನು ಸುತ್ತುವರಿಯಬೇಡಿ.

ಪ್ರತಿ ಮಗುವೂ ಒಂದು ಪ್ರಶ್ನೆ ಬರೆದು ತರಬೇಕು. ನೀವು ಬರೆದುಕೊಡಬೇಡಿ, ನೋಡಿದ ತಕ್ಷಣ ನಮಗೆ ಗೊತ್ತಾಗುತ್ತದೆ. ಏಳನೇ ತರಗತಿಯ ಒಬ್ಬ ಈಗಾಗಲೇ ಕೊಟ್ಟಿದ್ದಾನೆ: "ಜನರಲ್‌ಗೆ ಹೆದರಿಕೆ ಆಗ್ತದಾ? ಆದ್ರೆ ಯಾರ ಹತ್ರ ಹೇಳುವುದು?" ಇನ್ನೊಬ್ಬ, "ನೀವು ಎಷ್ಟು ಜನರನ್ನು ಕೊಂದಿದ್ದೀರಿ?" ಅಂತ ಬರೆದಿದ್ದಾನೆ. ಟೀಚರುಗಳು ಅದನ್ನು ತೆಗೆಯೋಣ ಅಂದರು. ಅತಿಥಿಯನ್ನೇ ಕೇಳಿದೆ. ಇರಲಿ, ಅದಕ್ಕೂ ಉತ್ತರ ಕೊಡುತ್ತೇನೆ ಅಂದರು.

ಕಾರ್ಯಕ್ರಮ ಬೆಳಗ್ಗೆ 10 ಗಂಟೆಗೆ ಶಾಲೆಯ ಸಭಾಂಗಣದಲ್ಲಿ. ಮಾತು ಕನ್ನಡದಲ್ಲಿ, ನಡುವೆ ತುಳು ಬಂದೇ ಬರುತ್ತದೆ. ಒಂದು ಮಗುವಿನ ಜೊತೆ ಒಬ್ಬ ಪೋಷಕರು ಬರಬಹುದು. ಹಿಂದಿನ ರಾತ್ರಿ ಯಕ್ಷಗಾನಕ್ಕೆ ಹೋಗುವವರು ಬೆಳಗಿನ ತನಕ ಕೂರದೆ ಬೇಗ ಮನೆಗೆ ಬನ್ನಿ, ಮುಂದಿನ ಸಾಲಿನಲ್ಲಿ ತೂಕಡಿಸಿದರೆ ಚೆನ್ನಾಗಿರುವುದಿಲ್ಲ. ಗಾಡಿಗಳನ್ನು ಆಟದ ಮೈದಾನದ ಗೇಟಿನ ಬಳಿ ನಿಲ್ಲಿಸಿ, ಮುಂದಿನ ರಸ್ತೆಯಲ್ಲಿ ಸಿಟಿ ಬಸ್ಸಿಗೆ ಜಾಗ ಬೇಕು. ಮಧ್ಯಾಹ್ನ ಮಕ್ಕಳಿಗೆ ಎಂದಿನಂತೆ ಬಿಸಿಯೂಟ. ಅತಿಥಿಯೂ ಅದನ್ನೇ ಊಟ ಮಾಡುತ್ತಾರೆ, ಹಾಗಾಗಿ ಬೇರೆ ವ್ಯವಸ್ಥೆಗೆ ಯಾರೂ ದುಡ್ಡು ಒಟ್ಟು ಮಾಡಬೇಡಿ. ಬರುವವರು ಡೈರಿಯಲ್ಲಿ ಸಹಿ ಹಾಕಿ ಡಿಸೆಂಬರ್ 12ರ ಒಳಗೆ ಕಳಿಸಿದರೆ ಕುರ್ಚಿ ಲೆಕ್ಕ ಹಾಕಲು ನಮಗೆ ಸುಲಭ.

ನಿಮ್ಮ,
ಮುಖ್ಯ ಶಿಕ್ಷಕಿ
ಮಂಗಳೂರು