ಮಗಳನ್ನು ಪಾರ್ಕಿಗೆ ಕರೆದೊಯ್ಯುವ ಮೊದಲು

ದೋಸ್ತಾ,

ದಸರಾ ರಜೆಗೆ ಮಗಳನ್ನು ಹೈದರಾಬಾದಿನ ಕಡೆ ಅಮ್ಯೂಸ್‌ಮೆಂಟ್ ಪಾರ್ಕಿಗೆ ಕರೆದೊಯ್ಯುತ್ತೀರಂತೆ, ವೈನಿ ನಮ್ಮವಳಿಗೆ ಹೇಳಿದರು. ಅವಳ ವೀಲ್‌ಚೇರ್ ಒಳಗೆ ಬಿಡುತ್ತಾರಾ ಅಂತ ನಿನ್ನ ಚಿಂತೆ. ಬಿಡುತ್ತಾರೆ. ತೊಂದರೆ ಇರುವುದು ಮುಂದೆ.

ಹೋದ ವರ್ಷ ನಾವೂ ಕಲಬುರಗಿಯಿಂದ ರೈಲಿಗೆ ಹೋಗಿದ್ದೆವು. ಮಗನ ಹೆಸರಲ್ಲಿ ರೈಲ್ವೆಯ ಅಂಗವಿಕಲರ ರಿಯಾಯಿತಿ ಕಾರ್ಡ್ ಇತ್ತು. ಸ್ಲೀಪರಿನಲ್ಲಿ ಅವನಿಗೂ ಜೊತೆಗಿದ್ದ ನನಗೂ ಶೇ 75 ಕಡಿಮೆ. ನೀನು ಇನ್ನೂ ಮಾಡಿಸಿಲ್ಲ ಅಲ್ವಾ? ಸೋಮಾರಿ!

ಒಂದು ದೊಡ್ಡ ಆಟಕ್ಕೆ ಮುಕ್ಕಾಲು ಗಂಟೆ ಪಾಳಿಯಲ್ಲಿ ನಿಂತೆವು. ಎತ್ತರ ಅಳೆಯುವ ಕಂಬದ ಹತ್ತಿರ ಮಗನನ್ನು ಎತ್ತಿ ನಿಲ್ಲಿಸಿದೆ. "ಪಾಸ್!" ಅಂತ ಕೂಗಿದ. ನಮ್ಮ ಸರದಿ ಬಂದಾಗ ಅಲ್ಲಿದ್ದ ಹುಡುಗ ಇವನ ಕೈ ನೋಡಿದ. "ಎರಡೂ ಕೈಯಿಂದ ರಾಡ್ ಹಿಡೀಬೇಕು ಸರ್, ಇವನಿಗೆ ಆಗಲ್ಲ" ಅಂದ. ಹೇಳಿದ್ದು ನನಗೆ, ಮಗನಿಗಲ್ಲ. ನಿಯಮ ತಪ್ಪು ಅನ್ನುವುದಿಲ್ಲ. ಇವನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಸ್ನಾಯುಗಳ ಮೇಲೆ ಹಿಡಿತ ಕಡಿಮೆ; ಕುತ್ತಿಗೆ, ಬೆನ್ನು ಗಟ್ಟಿಯಾಗಿ ನಿಲ್ಲುವುದಿಲ್ಲ, ಜೋರಾಗಿ ತಿರುಗುವಾಗ ಬೆಲ್ಟ್ ಒಂದೇ ಸಾಲದು. ಆದರೆ ಟಿಕೆಟ್ ಕೊಡುವಾಗಲೇ ಹೇಳಬಹುದಿತ್ತಲ್ಲ? ಅಷ್ಟು ಜನರ ನಡುವೆ ವೀಲ್‌ಚೇರ್ ತಿರುಗಿಸಿಕೊಂಡು ವಾಪಸ್ ಬಂದೆವು. ಎಲ್ಲರೂ ಮರ್ಯಾದೆಯಿಂದ ದಾರಿ ಬಿಟ್ಟರು. ಅವನು ತಲೆ ಎತ್ತಲಿಲ್ಲ.

ಅದಕ್ಕೇ ಮೊದಲೇ ಫೋನ್ ಮಾಡು. "ಅಂಗವಿಕಲರಿಗೆ ಸೌಲಭ್ಯ ಇದೆಯಾ" ಅಂತ ಕೇಳಬೇಡ, ಸುಮ್ನೆ "ಇದೆ ಸರ್" ಅಂದುಬಿಡುತ್ತಾರೆ. ಬಿಗಿಯಾಗಿ ಹಿಡಿಯಲಾಗದ ಮಗು ಯಾವ್ಯಾವ ಆಟ ಆಡಬಹುದು, ಹೆಸರು ಹೇಳಿ ಅನ್ನು. ಬರೆದುಕೊಂಡು ಹಿಂದಿನ ರಾತ್ರಿಯೇ ಮಗಳಿಗೆ ಓದಿ ಹೇಳು. ದೊಡ್ಡ ಮಗುವನ್ನು ಮಲಗಿಸಿ ಬಟ್ಟೆ ಬದಲಿಸಲು ಜಾಗ ಇದೆಯಾ ಅಂತಲೂ ಕೇಳು. ಅಲ್ಲಿದ್ದದ್ದು ಕೂಸುಗಳ ಪುಟ್ಟ ಹಲಗೆ, ಇವನಿಗೆ 11 ವರ್ಷ! ನಮ್ಮವಳು ಚಾಪೆ ತಂದಿದ್ದಳು, ಬಚಾವಾದೆವು.

ಅಮೆರಿಕದ ಸ್ಯಾನ್ ಆಂಟೊನಿಯೊದಲ್ಲಿ ಮಾರ್ಗನ್ಸ್ ವಂಡರ್‌ಲ್ಯಾಂಡ್ ಅಂತ ಪಾರ್ಕ್ ಇದೆ, 2010ರಲ್ಲಿ ಶುರುವಾದದ್ದು. ವೀಲ್‌ಚೇರ್ ಸಮೇತ ಜೋಕಾಲಿ ಆಡಬಹುದು. ಅಂಗವಿಕಲರಿಗೆ ಟಿಕೆಟ್ಟೇ ಇಲ್ಲ. ಮಗನಿಗೆ ತೋರಿಸಿದರೆ, "ಅಲ್ಲಿಗೆ ಯಾವ ರೈಲು?" ಅಂದ.

ಅವತ್ತು ಅವನಿಗೆ ಸಿಕ್ಕಿದ್ದು ಅಲೆ ಬರುವ ಕೊಳ. ನೀರು ಮೊಣಕಾಲಿಗೂ ಬಾರದ ಅಂಚಿನಲ್ಲಿ ತೊಡೆ ಮೇಲೆ ಕೂರಿಸಿಕೊಂಡೆ. ಸೈರನ್ ಕೂಗಿತು. "ಯಪ್ಪಾ, ಬಂತು ಬಂತು!" ಅಂತ ಕಿರುಚಿದ. ಸಂಜೆವರೆಗೂ ಅಲ್ಲಿಂದ ಏಳಲಿಲ್ಲ. ನನ್ನ ಕಾಲು ಜೋಮು ಹಿಡಿದಾಗ ನಮ್ಮ ಮಗಳು ಬಂದು ಕೂತಳು.

ದಿನ ಗೊತ್ತು ಮಾಡು, ಭಾನುವಾರ ಮಾತ್ರ ಬೇಡ. ನಾವೂ ಬರುತ್ತೇವೆ. ನೀವು ವಾಡಿಯಲ್ಲಿ ಹತ್ತಿ. ರೈಲಿಗೆ ರೊಟ್ಟಿ, ಶೇಂಗಾ ಹಿಂಡಿ ನಮ್ಮದು. ಚಾಪೆ ನಿಮ್ಮದು.

ನಿನ್ನ ಗೆಳೆಯ