ಉತ್ತರ ಸಿಕ್ಕಿದ ಮೇಲೆ

ಬಸವನಗುಡಿ
ಭಾನುವಾರ ಸಂಜೆ

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ವೈಟ್‌ಫೀಲ್ಡ್ ತಲುಪಿದೆ ಅನ್ನೋ ನಿನ್ನ ಮೆಸೇಜ್ ನೋಡಿದೆ. ಚಟ್ನಿಪುಡಿ ಡಬ್ಬ ಇಲ್ಲೇ ಮರೆತು ಹೋಗಿದ್ದೀಯ. ಬೆಳಗ್ಗೆ ತುಂಬಿದ ಇಂಗ್ಲಿಷ್ ಕ್ರಾಸ್‌ವರ್ಡ್ ಕೂಡ ಟೇಬಲ್ ಮೇಲೇ ಇದೆ. ಡಬ್ಬ ಬುಧವಾರ ನಿಮ್ಮಪ್ಪನ ಕೈಲಿ ಬರುತ್ತೆ. ಕ್ರಾಸ್‌ವರ್ಡ್ ಬಗ್ಗೆ ಬರೆದೇ ಹೇಳಬೇಕು. ಫೋನಲ್ಲಿ ಹೇಳಿದರೆ ನೀನು "ಹ್ಞೂಂ ಹ್ಞೂಂ" ಅನ್ನುತ್ತಾ ಇನ್ನೇನೋ ಟೈಪ್ ಮಾಡುತ್ತಿರುತ್ತೀಯ.

30 ಸುಳಿವಿನಲ್ಲಿ 22 ತುಂಬಿದ್ದೀಯ. ಕಾಫಿ ಮುಗಿಯೋದರೊಳಗೆ! ಆದರೆ ನಾನು ಒಂದೊಂದಕ್ಕೂ "ಇದು ಹೇಗೆ?" ಅಂತ ಕೇಳಿದಾಗ ಒಂಬತ್ತಕ್ಕೆ ನೀನು ಭುಜ ಕುಣಿಸಿದೆ. "ಆ್ಯಪ್ ಕೊಡ್ತು, ಮನೆಗಳಲ್ಲಿ ಕೂತಿತು" ಅಂದೆ. ಕೂತಿತು, ನಿಜ. ಬಸ್ಸಲ್ಲಿ ಪಕ್ಕದ ಸೀಟಲ್ಲಿ ಕೂತವರೆಲ್ಲ ನೆಂಟರಾಗುತ್ತಾರಾ? ಆಫೀಸಿನಲ್ಲಿ ಊಟದ ಹೊತ್ತಿಗೆ ಗೆಳತಿಯರಿಗೆ ಇದನ್ನು ಕಲಿಸುತ್ತೀನಿ ಅಂತಲೂ ಹೇಳಿದೆ. ಆಗಲೇ ನನಗೆ ಸ್ವಲ್ಪ ಗಾಬರಿಯಾಯಿತು.

ಅಜ್ಜಿ ಒಗಟು ಹೇಳುತ್ತಿದ್ದರಲ್ಲ, ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ ಅಂತ. ಮಲ್ಲಿಗೆ ಅಂತೀವಿ. ಯಾರಾದರೂ ತುಂಬೆ ಹೂ ಅಂದರೆ ಅಜ್ಜಿ ಒಪ್ಪುತ್ತಿರಲಿಲ್ಲ, ಆದರೆ ತಪ್ಪು ಅಂತ ತೋರಿಸುವುದಕ್ಕೂ ಆಗುತ್ತಿರಲಿಲ್ಲ. ನೀನು ತುಂಬಿದಂಥ ಕ್ರಿಪ್ಟಿಕ್, ಅಂದರೆ ಗೂಢವಾದ ಸುಳಿವು ಹಾಗಲ್ಲ. ಒಂದೇ ಉತ್ತರಕ್ಕೆ ಎರಡು ದಾರಿ ಇರುತ್ತವೆ. ಒಂದು ಅರ್ಥ, ಇನ್ನೊಂದು ಅಕ್ಷರದ ಆಟ. ಅರ್ಥ ಸಾಮಾನ್ಯವಾಗಿ ಸುಳಿವಿನ ತಲೆಯಲ್ಲಿರುತ್ತೆ, ಇಲ್ಲ ಬಾಲದಲ್ಲಿ. ನಡುವೆ ಇರುವುದು ತೀರಾ ಅಪರೂಪ. ಎರಡೂ ದಾರಿ ಒಂದೇ ಬಾಗಿಲಿಗೆ ಬಂದರೆ ಮಾತ್ರ ಬಿಡಿಸಿದ ಹಾಗೆ.

ನನಗೆ ಇದನ್ನು ಕಲಿಸಿದ್ದು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಕ್ಕದ ಮೇಜಿನಲ್ಲಿದ್ದ ಹಿರಿಯರೊಬ್ಬರು. ಕನ್ನಡ ಪೇಪರಿನ ಪದಬಂಧದಲ್ಲಿ ಜಾಸ್ತಿ ನೇರ ಅರ್ಥದ ಸುಳಿವುಗಳೇ ಬರುತ್ತವೆ, ಅಲ್ವಾ. ಅದಕ್ಕೇ ಅವರು ತಾವೇ ಕನ್ನಡದಲ್ಲಿ ಕಟ್ಟಿ ಕೊಡುತ್ತಿದ್ದರು. ಮೊದಲನೆಯದು ಇವತ್ತಿಗೂ ನೆನಪಿದೆ: "ಬಸವನಗುಡಿಯೊಳಗೆ ಸಿಕ್ಕ ಸಂತೋಷದ ಗುರುತು (2)." ಅಂದರೆ ಎರಡಕ್ಷರದ ಉತ್ತರ. ನಾನು ಕಡಲೆಕಾಯಿ ಪರಿಷೆ, ದೊಡ್ಡ ಗಣಪತಿ, ಗಾಂಧಿಬಜಾರಿನ ದೋಸೆ ಅಂತ ಊರೆಲ್ಲ ಸುತ್ತಿ ಬಂದೆ. ಅವರು ಉತ್ತರ ಹೇಳಲಿಲ್ಲ. ಬಿಟಿಎಸ್ ಬಸ್ ಟಿಕೆಟ್ಟಿನ ಹಿಂದೆ ಆ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರಿ ಅಂದರು. ಬ, ಸ, ವ, ನ, ಗು, ಡಿ. ಬರೆದು ನೋಡುತ್ತಾ ಕೂತೆ. ನಾಲ್ಕನೆಯದು, ಐದನೆಯದು. ನಗು! ಹುಟ್ಟಿದ್ದೇ ಇಲ್ಲಿ ಕಣೇ, ದಿನಾ ಬಸ್ ಬೋರ್ಡಲ್ಲಿ ಓದುತ್ತಿದ್ದ ಹೆಸರು. ಅದರೊಳಗೆ ನಗು ಇದೆ ಅಂತ ಅಲ್ಲಿಯವರೆಗೆ ಕಂಡಿರಲಿಲ್ಲ.

ಅವರು ಉತ್ತರ ಹೇಳಿಬಿಟ್ಟಿದ್ದರೆ "ಓ ಹೌದಾ" ಅಂದು ಮರೆತುಬಿಡುತ್ತಿದ್ದೆ. ನಿನ್ನ ಗೆಳತಿಯರಿಗೂ ಉತ್ತರ ಮೊದಲು ಹೇಳಬೇಡ. ಅರ್ಥ ಯಾವ ತುದಿಯಲ್ಲಿದೆ ಅಂತ ಕೇಳು. "ಒಳಗೆ" ಅನ್ನೋ ಪದ ಅಲ್ಲಿ ಯಾಕಿದೆ ಅಂತ ಕೇಳು. ಆಮೇಲೆ ಸುಮ್ನೆ ಕೂತಿರು. ಸುಮ್ನೆ ಕೂರೋದೇ ಕಷ್ಟ, ನನಗೂ ಇನ್ನೂ ಪೂರ್ತಿ ಬಂದಿಲ್ಲ.

ಈಗ ನನ್ನ ಮಾನ ಹೋದ ಕಥೆ. ಒಂದೆರಡು ವರ್ಷ ಕಳೆದ ಮೇಲೆ ನಾನೂ ಸುಳಿವು ಕಟ್ಟೋಕೆ ಶುರು ಮಾಡಿದೆ. "ಸೀತೆಯ ಅಪ್ಪ ತಿರುಗಿಬಿದ್ದರೆ ಭತ್ತಕ್ಕೆ ಜಾಗ (3)." ಜನಕನನ್ನು ತಿರುಗಿಸಿದರೆ ಕಣಜ. ತಿರುಗಿಬೀಳುವುದು ಅಂದರೆ ಎದುರು ನಿಲ್ಲುವುದೂ ಹೌದು, ಹಿಂದುಮುಂದಾಗುವುದೂ ಹೌದು. ಎಷ್ಟು ಬೀಗಿದೆ ಗೊತ್ತಾ? ಊಟದ ಹೊತ್ತಿಗೆ ಎಲ್ಲರ ಮುಂದೆ ಓದಿದೆ. ಯಾರೋ ಕಣಜ ಅಂದರು, ಎಲ್ಲರೂ ಭೇಷ್ ಅಂದರು. ಹಿರಿಯರು ಮಾತ್ರ "ಹೇಗೆ ಅಂತ ಬಿಡಿಸಿ ಹೇಳಮ್ಮ" ಅಂದರು. ಜ, ನ, ಕ. ತಿರುಗಿಸಿದರೆ ಕ, ನ... ಅಲ್ಲಿಗೆ ಬಾಯಿ ಕಟ್ಟಿತು. ಕಣಜದ ನಡುವೆ ಇರುವುದು ಣ. ಜನಕನ ನಡುವೆ ನ. ಎರಡು ದಿನ ತಲೆಯಲ್ಲಿ ಇಟ್ಟುಕೊಂಡು ಓಡಾಡಿದ್ದೆ, ಕಾಣಲೇ ಇಲ್ಲ. ಬಾಯಿಬಿಟ್ಟು ಹೇಳಿದ ತಕ್ಷಣ ಕಂಡಿತು. ನಿನ್ನ 14ನೇ ಸುಳಿವಿನ ಕಥೆಯೂ ಇದೇ. ಜೋರಾಗಿ ಬಿಡಿಸಿ ನೋಡು, ಒಂದು ಅಕ್ಷರ ಎಲ್ಲಿಂದ ಬಂತು ಅಂತ ನಿನಗೇ ಗೊತ್ತಾಗಲ್ಲ. ಉತ್ತರವೇ ಬೇರೆ, ಅದಕ್ಕೇ ಬಲಗಡೆ ಕೆಳಗಿನ ಮೂಲೆ ನಿನಗೆ ಬಗ್ಗಲಿಲ್ಲ.

ಇಂಗ್ಲಿಷ್‌ನಲ್ಲಿ ಅಕ್ಷರಗಳು ರಮ್ಮಿ ಎಲೆಗಳ ಹಾಗೆ, ಹೇಗೆ ಬೇಕಾದರೂ ಕಲಸಬಹುದು. ನಮ್ಮಲ್ಲಿ ಗು ಅನ್ನೋದು ಗು ಆಗಿಯೇ ಇರುತ್ತೆ, ಕೊಂಬು ಬಿಚ್ಚಿ ಪಕ್ಕದ ಮನೆಗೆ ಕಳಿಸೋಕಾಗಲ್ಲ. ಆದರೆ ಪದಕ್ಕೆ ಎರಡು ಮುಖ ಇರೋದು ಎರಡು ಭಾಷೆಯಲ್ಲೂ ಒಂದೇ. ಫ್ಲವರ್ ಅಂತ ಕಂಡ ತಕ್ಷಣ ನೀನು ಗುಲಾಬಿ, ಸೇವಂತಿಗೆ ಅಂತ ಹೊರಟೆ. ಫ್ಲೋ ಆಗುವುದೂ ಫ್ಲವರ್ರೇ, ಅಂದರೆ ನದಿ. ಹಳೇ ಆಟ, ಆದರೂ ಈಗಲೂ ಜನ ಬೀಳುತ್ತಾರೆ. ನಮ್ಮ ಹರಿಯನ್ನೇ ತಗೋ. "ದೇವರೇ, ಈ ಕಾಗದ ಚೂರು ಮಾಡು (2)."

ಕೆಲವು ಮಾತ್ರ ಯೋಚಿಸಿ ಬರುವಂಥವಲ್ಲ, ತಿಳಿದಿರಬೇಕು. ಸುಳಿವಿನಲ್ಲಿ ಸ್ಯಾಪರ್ಸ್ ಅಂತ ಬಂದರೆ ಉತ್ತರದಲ್ಲಿ ಆರ್, ಇ ಅನ್ನೋ ಅಕ್ಷರಗಳು. ಬ್ರಿಟಿಷ್ ಸೈನ್ಯದ ರಾಯಲ್ ಎಂಜಿನಿಯರ್ಸ್. ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ನೋಡಿದವಳಿಗೆ ಇದು ಹೊಳೆಯಬೇಕಿತ್ತು! ಸೇಲರ್ ಅಂದರೆ ಎ, ಬಿ, ಅಂದರೆ ಏಬಲ್ ಸೀಮನ್, ಇಲ್ಲ ಟಾರ್, ನಾವಿಕನಿಗೆ ಹಳೇ ಇಂಗ್ಲಿಷ್ ಹೆಸರು. ಇವನ್ನು ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟುಕೋ, ಅದರಲ್ಲಿ ನಾಚಿಕೆ ಏನಿಲ್ಲ. ಅಂದಹಾಗೆ, ನಮ್ಮ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಕಟಾರಿ ನಿವೃತ್ತರಾದ ಮೇಲೆ ದಿ ಹಿಂದೂ ಪತ್ರಿಕೆಗೆ ಕ್ರಾಸ್‌ವರ್ಡ್ ಕಟ್ಟುತ್ತಿದ್ದರು.

ಕಟ್ಟುವವರು ಮೋಸ ಮಾಡುತ್ತಾರೆ ಅಂತ ನೀನು ಸಿಟ್ಟು ಮಾಡಿಕೊಂಡೆ. ಅವರಿಗೂ ಕಟ್ಟುಪಾಡು ಇದೆ. ಆಫ್ರಿಟ್ ಅನ್ನೋ ಹೆಸರಲ್ಲಿ ಕಟ್ಟುತ್ತಿದ್ದ ಇಂಗ್ಲಿಷರವನೊಬ್ಬ 1949ರಲ್ಲೇ ಹೇಳಿಟ್ಟಿದ್ದಾನೆ. ಮೇಲ್ನೋಟಕ್ಕೆ ಹೇಳಿದ್ದೇ ನಿನ್ನ ಮನಸ್ಸಿನಲ್ಲಿ ಇರಬೇಕಾಗಿಲ್ಲ, ಆದರೆ ಮನಸ್ಸಿನಲ್ಲಿ ಇರುವುದನ್ನು ಹೇಳಿರಲೇಬೇಕು. ನನ್ನ ಕಣಜ ಬಿದ್ದದ್ದು ಇಲ್ಲೇ.

ಲಾಲ್‌ಬಾಗಿನಲ್ಲಿ ಎತ್ತರಕ್ಕೆ, ಕ್ರಿಸ್‌ಮಸ್ ಮರದ ಹಾಗಿರುವುದನ್ನು ತೋರಿಸಿದ್ದೆನಲ್ಲ, ಅರಕೇರಿಯಾ. ಅದೇ ಹೆಸರಿಟ್ಟುಕೊಂಡು ಜಾನ್ ಗ್ರಹಾಂ ಅನ್ನೋ ಪಾದ್ರಿ ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆಗೆ ದಶಕಗಳ ಕಾಲ ಕಟ್ಟಿದರು. 2013ರ ಜನವರಿಯಲ್ಲಿ ಅವರ ಒಂದು ಕ್ರಾಸ್‌ವರ್ಡ್ ಬಂತು. ಮೇಲೆ ಒಂದು ಸಾಲು: ಅರಕೇರಿಯಾಗೆ 19ರ 18 ಆಗಿದೆ, ಅದಕ್ಕೆ 13, 15 ನಡೆಯುತ್ತಿದೆ. ಆ ಅಂಕಿಗಳು ಅದೇ ಕ್ರಾಸ್‌ವರ್ಡಿನ ಸುಳಿವಿನ ನಂಬರುಗಳು. ಬಿಡಿಸುತ್ತಾ ಹೋದವರಿಗೆ ಒಂದೊಂದೇ ಪದ ಸಿಕ್ಕಿತು. ಕ್ಯಾನ್ಸರ್. ಅನ್ನನಾಳ. ನೋವು ತಗ್ಗಿಸುವ ಆರೈಕೆ. ಆಗ ಅವರಿಗೆ 91. ಅದೇ ನವೆಂಬರಿನಲ್ಲಿ ಹೋದರು. ಆ ಉತ್ತರಗಳನ್ನು ಆ್ಯಪಿಂದ ತೆಗೆದುಕೊಂಡು ತುಂಬಿದ್ದರೆ ಹೇಗಿರುತ್ತಿತ್ತು ಅಂತ ಒಂದು ಸಲ ಯೋಚನೆ ಮಾಡು.

ಆ್ಯಪ್ ಬಿಸಾಕು ಅಂತಿಲ್ಲ. ಅರ್ಧ ಗಂಟೆ ಒದ್ದಾಡಿ, ಆಮೇಲೆ ನೋಡು. ನೋಡಿದ ಮೇಲೆ ಪಕ್ಕದಲ್ಲಿ ಯಾಕೆ ಅಂತ ಒಂದು ಸಾಲು ಬರಿ. ಬರೆಯೋಕೆ ಆಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡು. ನನ್ನ ಹಳೇ ಕಟಿಂಗುಗಳಲ್ಲಿ ಅಂಥವು ಬೇಕಾದಷ್ಟಿವೆ. ಒಂದಂತೂ 11 ವರ್ಷ ಆದಮೇಲೆ ಕಬ್ಬನ್ ಪಾರ್ಕಿನಲ್ಲಿ ನಡೆಯುವಾಗ ಹೊಳೆಯಿತು. ನಿಂತು ಒಬ್ಬಳೇ ನಕ್ಕೆ. ಎದುರಿಗೆ ಬರುತ್ತಿದ್ದವರು ನೋಡಿ ದಾರಿ ಬದಲಿಸಿದರು.

ನಿನ್ನ ಒಂಬತ್ತು ಸುಳಿವಿಗೂ ಪೆನ್ಸಿಲಲ್ಲಿ ಗುರುತು ಹಾಕಿ ಪೇಪರ್ ಮಡಚಿ ಡಬ್ಬದ ಮೇಲೆ ಇಡುತ್ತೇನೆ. ಜೊತೆಗೆ ನಾನು ಕಟ್ಟಿದ್ದೊಂದು: "ನಾನು ವಿಷ ಸೇರಿ ಹೆಡೆ ಎತ್ತುವುದು (3)." ಇದರಲ್ಲಿ ನ, ಣ ಎಲ್ಲ ಎರಡು ಸಲ ನೋಡಿದ್ದೇನೆ. ಉತ್ತರ ನಿಮ್ಮಪ್ಪನಿಗೆ ಹೇಳಬೇಡ, ಅವನು ಬುಧವಾರ ಬಸ್ಸಲ್ಲಿ ಬರುತ್ತಾ ತಲೆ ಕೆರೆದುಕೊಳ್ಳಲಿ.

ನಿನ್ನ
ದೊಡ್ಡಮ್ಮ