ಹೈಸ್ಕೂಲು ಮಕ್ಕಳಿಗೆ ಬರೆಯುವ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಪ್ರತಿ ಕೈ ಸೇರಿ ಮೂರು ವಾರ ಆಯಿತು. ಎರಡು ಸಲ ಓದಿದೆ. ತಕ್ಷಣ ಉತ್ತರ ಬರೆಯದೆ ಸುಮ್ನೆ ಕೂತಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಇಲ್ಲಿ ಸಕಲೇಶಪುರದ ಹತ್ತಿರ ನಾನು ಆಗಾಗ ಹೋಗುವ ಹೈಸ್ಕೂಲಿಗೆ ಹೊಸ ಪುಸ್ತಕಗಳು ಬರೋದಿತ್ತು. ಮಕ್ಕಳು ಅದರಲ್ಲಿ ಯಾವುದಕ್ಕೆ ಕೈ ಹಾಕುತ್ತಾರೆ ಅಂತ ಕಣ್ಣಾರೆ ನೋಡಿ, ಆಮೇಲೆ ನಿನಗೆ ಬರೆಯೋಣ ಅಂದುಕೊಂಡೆ.

ಕಳೆದ ಗುರುವಾರ ಪುಸ್ತಕ ಬಂತು. ಎರಡು ರಟ್ಟಿನ ಡಬ್ಬ. ಲೈಬ್ರರಿ ನೋಡಿಕೊಳ್ಳುವ ಕನ್ನಡ ಮೇಷ್ಟ್ರು ಬ್ಲೇಡಿನಿಂದ ಟೇಪ್ ಕೊಯ್ದರು, ಒಂದೊಂದೇ ಪುಸ್ತಕಕ್ಕೆ ಶಾಲೆಯ ಸೀಲು ಒತ್ತಿ ರಿಜಿಸ್ಟರಿನಲ್ಲಿ ನಂಬರ್ ಬರೆದರು. ಲೈಬ್ರರಿ ಅಂದರೆ ಬೇರೆ ಕೋಣೆ ಅಲ್ಲ, ಸ್ಟಾಫ್ ರೂಮಿನ ಪಕ್ಕದ ಎರಡು ಬೀರು, ಒಂದು ಉದ್ದ ಮೇಜು. ಒಂಬತ್ತನೇ ಕ್ಲಾಸಿನವರು ಬಂದರು. ಅವರಲ್ಲಿ ಒಬ್ಬ ಹುಡುಗಿ ಮಾಡಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಪುಸ್ತಕ ತೆಗೆದುಕೊಂಡಳು, ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಎಷ್ಟು ದಪ್ಪ ಅಂತ ನೋಡಿದಳು, ಮುಖಪುಟ ನೋಡಲೇ ಇಲ್ಲ, ಸೀದಾ ಕೊನೆಯ ಪುಟ ತೆಗೆದು ಓದಿ ವಾಪಸ್ ಇಟ್ಟಳು. ಇನ್ನೊಂದು ತೆಗೆದಳು. ಅದಕ್ಕೂ ಹಾಗೇ. ಯಾಕಮ್ಮ ಕೊನೆಯಿಂದ ಓದ್ತೀಯಾ ಅಂತ ಕೇಳಿದೆ.

"ಕೊನೇಲಿ ಬುದ್ಧಿ ಹೇಳಿರ್ತಾರೆ ಮಿಸ್. ಹೇಳಿದ್ರೆ ತಗೊಳ್ಳಲ್ಲ."

ಈಗ ನಿನ್ನ ಕೊನೆಯ ಅಧ್ಯಾಯ ತೆಗೆದು ನೋಡು. ಮೊಬೈಲಿಗೆ ಅಂಟಿಕೊಂಡ ಹುಡುಗ ಹೆಡ್‌ಮಾಸ್ಟರ ಭಾಷಣ ಕೇಳಿ ಅಳುತ್ತಾನೆ, ಮೊಬೈಲು ಬಿಡುತ್ತಾನೆ, ಫಸ್ಟ್ ಕ್ಲಾಸಲ್ಲಿ ಪಾಸಾಗುತ್ತಾನೆ. ಆ ಹುಡುಗಿ ಇದನ್ನು ಎರಡು ಸಾಲು ಓದಿ ಮೇಜಿನ ಮೇಲೆ ಇಟ್ಟು ಹೋಗಿರುತ್ತಿದ್ದಳು. ಅಲ್ಲಿಗೆ ನಿನ್ನ ಹನ್ನೊಂದು ಒಳ್ಳೆಯ ಅಧ್ಯಾಯಗಳು ಅವಳಿಗೆ ಸಿಗದೇ ಹೋದವು. ನನಗೆ ಸಂಕಟ ಆಗೋದು ಅದಕ್ಕೇ. ಆ ಹನ್ನೆರಡನೇ ಅಧ್ಯಾಯ ಪೂರ್ತಿ ತೆಗೆದುಬಿಡು. ತಿದ್ದೋಕೆ ಹೋಗಬೇಡ, ತೆಗೆದುಬಿಡು.

ಇದು ನಿನ್ನೊಬ್ಬಳ ತಪ್ಪಲ್ಲ. ಮಕ್ಕಳ ಪುಸ್ತಕ ಅಂದ ಕೂಡಲೇ ನಮ್ಮಲ್ಲಿ ಎಲ್ಲರೂ ನೀತಿ ಎಲ್ಲಿದೆ ಅಂತ ಹುಡುಕುತ್ತಾರೆ. ಇಪ್ಪತ್ತು ವರ್ಷದ ಹಿಂದೆ ನಾನೂ ಈ ವಯಸ್ಸಿನವರಿಗೆ ಒಂದು ಕಾದಂಬರಿ ಬರೆದಿದ್ದೆ. ಪ್ರಕಾಶಕರೊಬ್ಬರು ಚೆನ್ನಾಗಿದೆ, ಕೊನೆಯಲ್ಲಿ ಒಂದು ಪಾಠ ಸೇರಿಸಿಕೊಡಿ, ಶಾಲೆಗಳಿಗೆ ಹೋಗುತ್ತೆ ಅಂದರು. ಸೇರಿಸಿಕೊಟ್ಟೆ. ಪುಸ್ತಕ ಶಾಲೆಗಳಿಗೆ ಹೋಯಿತು, ಬೀರುವಿನಲ್ಲೇ ಉಳಿಯಿತು. ಆ ಎರಡು ಪುಟಕ್ಕಾಗಿ ನಾನು ಇವತ್ತಿಗೂ ನೊಂದುಕೊಳ್ಳುತ್ತೇನೆ.

ಡಬ್ಬದಲ್ಲಿ ಏನಿತ್ತು ಅಂತ ಕೇಳುತ್ತೀಯಲ್ವಾ? ಅರ್ಧದಷ್ಟು ಪುಟಾಣಿಗಳ ಪುಸ್ತಕ, ನರಿ, ಸಿಂಹ, ರಾಜ, ದೊಡ್ಡ ದೊಡ್ಡ ಚಿತ್ರ. ಉಳಿದರ್ಧ ಮಹಾಪುರುಷರ ಜೀವನ ಚರಿತ್ರೆ, ಕ್ವಿಜ್ ಪುಸ್ತಕ, ದೊಡ್ಡವರ ಕಾದಂಬರಿ. ಎಂಟು, ಒಂಬತ್ತು, ಹತ್ತನೇ ಕ್ಲಾಸಿನವರಿಗೆ ಅಂದರೆ ಹದಿಮೂರರಿಂದ ಹದಿನಾರು ವರ್ಷದವರಿಗೆ, ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದು ಹುಡುಕಿದರೆ ನಾಲ್ಕು ಸಿಕ್ಕಿತು. ನಾಲ್ಕೂ ಅವತ್ತೇ ಮನೆಗೆ ಹೋದವು. ಓದುವ ಮಕ್ಕಳು ಇದ್ದಾರೆ ತಂಗಿ. ಈಗಿನವರು ಓದಲ್ಲ ಅಂತ ಯಾರಾದರೂ ಅಂದರೆ ಒಪ್ಪಿಕೊಳ್ಳಬೇಡ.

ಹಳೇ ಬೀರುವಿನಲ್ಲಿ ಜಾಸ್ತಿ ಸವೆದಿರುವ ಪುಸ್ತಕ ಯಾವುದು ಗೊತ್ತಾ? ತೇಜಸ್ವಿಯವರ ಕರ್ವಾಲೊ. ಬೆನ್ನಿಗೆ ಮೂರು ಕಡೆ ಟೇಪು, ಮೂಲೆಗಳೆಲ್ಲ ದುಂಡಗಾಗಿವೆ. 1980ರಲ್ಲಿ ಬಂದ ಪುಸ್ತಕ, ಹೈಸ್ಕೂಲಿನವರಿಗೆ ಅಂತ ಬರೆದಿದ್ದೂ ಅಲ್ಲ. ಆದರೂ ಹುಡುಗರು ಬಿಡಲ್ಲ. ಪಕ್ಕದ ಮೂಡಿಗೆರೆಯ ಕಾಡಿನಲ್ಲಿ ಒಂದು ಹಾರುವ ಓತಿ ಇದೆಯಂತೆ, ಅದು ಸಿಗುತ್ತೋ ಇಲ್ವೋ ಅನ್ನೋ ಒಂದು ಎಳೆ ಸಾಕು ಅವರಿಗೆ. ಜೊತೆಗೆ ಮಂದಣ್ಣ. ಊರಲ್ಲಿ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಮನುಷ್ಯನಿಗೆ ವಿಜ್ಞಾನಿಗೆ ಬೇಕಾದಷ್ಟು ಗೊತ್ತಿದೆ ಅಂತ ತಿಳಿದಾಗ ಹಿಂದಿನ ಬೆಂಚಿನ ಹುಡುಗ ನೆಟ್ಟಗೆ ಕೂರುತ್ತಾನೆ. ನೀನೂ ಓತಿ ಹುಡುಕಿಕೊಂಡು ಹೋಗು ಅಂತ ನಾನು ಹೇಳುತ್ತಿಲ್ಲ. ಓದುವವನು ತನಗಿಂತ ಕಡಿಮೆ ಅಂತ ಆ ಬರವಣಿಗೆ ಎಲ್ಲೂ ಅಂದುಕೊಳ್ಳಲ್ಲ, ಅದನ್ನು ಗಮನಿಸು.

ನಿನ್ನ ಕಾದಂಬರಿಯಲ್ಲೂ ಅಂಥ ಜಾಗ ಇದೆ, ಮೂರನೇ ಅಧ್ಯಾಯ. ಬೆಳಗ್ಗೆ ಹುಡುಗ ಬಸ್ಸಿಗೆ ಹೊರಟಿದ್ದಾನೆ, ಅಪ್ಪನ ಮೊಬೈಲಿಗೆ ತೋಟದ ಹತ್ತಿರ ಕಾಡಾನೆ ಇದೆ ಅಂತ ಮೆಸೇಜು ಬರುತ್ತದೆ, ಅವತ್ತೇ ಅವನಿಗೆ ಪರೀಕ್ಷೆ. ಅದನ್ನು ಓದುವಾಗ ನನಗೆ ಉಸಿರು ಹಿಡಿದುಕೊಂಡಂತಾಯಿತು. ಆಲೂರು, ಬೇಲೂರು, ಸಕಲೇಶಪುರದ ಕಡೆ ಎಷ್ಟು ಮಕ್ಕಳ ಬೆಳಗು ಹೀಗೇ ಶುರುವಾಗುತ್ತದೆ, ಆದರೆ ಅವರು ಅದನ್ನು ಯಾವ ಪುಸ್ತಕದಲ್ಲಿ ಓದಿದ್ದಾರೆ ಹೇಳು! ನೀನು ಮಾತ್ರ ಒಂದೂವರೆ ಪುಟಕ್ಕೆ ಮುಗಿಸಿ ಮುಂದಕ್ಕೆ ಓಡಿದ್ದೀಯ. ನಿಲ್ಲು ಅಲ್ಲಿ. ಅಪ್ಪ ಗೇಟಿನ ತನಕ ಟಾರ್ಚ್ ಹಿಡಿದು ಬರುತ್ತಾನಾ? ಮಂಜಿನಲ್ಲಿ ಲದ್ದಿಯ ವಾಸನೆ ಹತ್ತುತ್ತಾ? ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಹರಿದು ಬಿದ್ದಿದೆಯಾ? ಹುಡುಗ ಹೆದರಿದ್ದಾನೋ, ಪರೀಕ್ಷೆ ತಪ್ಪಿದರೆ ಸಾಕು ಅಂತ ಒಳಗೊಳಗೇ ಖುಷಿಯಲ್ಲಿದ್ದಾನೋ? ಎರಡೂ ಇರಬಹುದು ಅಲ್ವಾ? ಆ ವಯಸ್ಸಿನಲ್ಲಿ ಹಾಗೇ ಇರುತ್ತದೆ. ಅದನ್ನು ಬರಿ.

ಅವನ ಪಕ್ಕದ ಬೆಂಚಿನವನು ತೋಟದ ಕೆಲಸದವರ ಲೈನ್ ಮನೆಯಲ್ಲಿರುವ ಅಸ್ಸಾಮಿನ ಹುಡುಗ, ಕನ್ನಡ ಈಗಷ್ಟೇ ಕಲಿಯುತ್ತಿದ್ದಾನೆ. ಅವನು ಬರೋದು ಎರಡೇ ಕಡೆ. ಎರಡೂ ಕಡೆ ಅಯ್ಯೋ ಪಾಪ ಅನ್ನಿಸೋಕೆ ಮಾತ್ರ ತಂದಿದ್ದೀಯ. ಅವನಿಗೂ ಒಂದು ಆಸೆ, ಒಂದು ಸಿಟ್ಟು ಕೊಡು. ಕಾಫಿ ಕುಯ್ಲು ಮುಗಿದ ಮೇಲೆ ಅವರಪ್ಪ ಬೇರೆ ತೋಟಕ್ಕೆ ಹೋದರೆ ಅವನ ಶಾಲೆ ಏನಾಗುತ್ತದೆ ಅನ್ನೋದು ನಿನಗೆ ಗೊತ್ತಿದೆ, ಅವನ ಬಾಯಲ್ಲೇ ಬರಲಿ. ಹುಡುಗಿಯರ ವಿಷಯಕ್ಕೂ ಇದೇ ಮಾತು. ಯೂನಿಫಾರಂಗೆ ಕಲೆ ಆಯಿತಾ ಅಂತ ಗೆಳತಿಯನ್ನು ಹಿಂದಿನಿಂದ ನಡೆಸಿಕೊಂಡು ಹೋಗುವುದು, ಹತ್ತನೇ ಕ್ಲಾಸ್ ಆದ ಮೇಲೆ ಓದಿಸುತ್ತಾರೋ ಇಲ್ಲವೋ ಅನ್ನುವ ಚಿಂತೆ, ಇವು ಅವರಲ್ಲೇ ಗುಸುಗುಸು ನಡೆಯುವ ಮಾತುಗಳು. ಮೇಷ್ಟ್ರು ಏನಂತಾರೋ ಅಂತ ಹೆದರಿ ನೀನು ಅವನ್ನು ಬಿಟ್ಟಿದ್ದರೆ ಸೇರಿಸು. ಎಲ್ಲವನ್ನೂ ಒಂದೇ ಪುಸ್ತಕಕ್ಕೆ ತುರುಕೋದು ಬೇಡ, ಇದೊಂದೇ ಪುಸ್ತಕ ಬರೆದು ನಿಲ್ಲಿಸುವವಳಲ್ಲ ನೀನು.

ಮಾತಿನ ಬಗ್ಗೆ. ನಿನ್ನ ಹುಡುಗರು "ನೀನು ನಾಳೆ ಬರುವೆಯಾ ಗೆಳೆಯಾ" ಅನ್ನುತ್ತಾರೆ. ನೀನು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ದಿನಾ ನಿಲ್ಲುತ್ತೀಯ, ಯಾವ ಹುಡುಗ ಹಾಗೆ ಮಾತಾಡ್ತಾನೆ? "ನಾಳಿಕ್ ಬತ್ತೀಯೇನ್ಲಾ?" ಅಷ್ಟೇ. ಕಥೆ ಹೇಳುವ ಸಾಲುಗಳು ನೀನು ಬರೆದ ಹಾಗೇ ತಿಳಿಗನ್ನಡದಲ್ಲಿರಲಿ, ಅವು ಚೆನ್ನಾಗಿವೆ. ಹುಡುಗರು ಬಾಯಿ ಬಿಟ್ಟಾಗ ಮಾತ್ರ ಅವರ ಮಾತೇ ಬರಲಿ. ನಮ್ಮ ಊರಿನ ಮಾತು ದೂರ ಹೋಗಲ್ಲ ಅಂತ ಯೋಚಿಸಬೇಡ. ಹಾಸನದ ಬಾನು ಮುಷ್ತಾಕ್ ಅವರು 1990ರಿಂದ 2023ರವರೆಗೆ ಬರೆದ ಹನ್ನೆರಡು ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರ ಇಂಟರ್‌ನ್ಯಾಷನಲ್ ಬೂಕರ್ ಗೆದ್ದವು. ನಾನಿಲ್ಲಿ ಹೇಳುತ್ತಿರುವುದು ಪ್ರಶಸ್ತಿಯ ಮಾತಲ್ಲ, ಆ ಮೂವತ್ತಕ್ಕೂ ಹೆಚ್ಚು ವರ್ಷಗಳ ಮಾತು. ಅಷ್ಟು ಕಾಲ ಅವರು ತಮ್ಮ ಸುತ್ತಲಿನ ಹೆಂಗಸರ ಬದುಕನ್ನೇ ಬರೆದರು.

ನೀನು ಪುಟದ ಲೆಕ್ಕ ಕೇಳಿದ್ದೀಯ. ಡೆಮಿ ಸೈಜಿನಲ್ಲಿ ಒಂದು ಫಾರಂಗೆ, ಅಂದರೆ ಅಚ್ಚು ಹಾಕಿ ಮಡಚುವ ಒಂದು ದೊಡ್ಡ ಹಾಳೆಗೆ, 16 ಪುಟ. ಎಂಟು ಫಾರಂ ಅಂದರೆ 128 ಪುಟ, ಅಷ್ಟರೊಳಗೆ ಮುಗಿಸು. ಆ ಹುಡುಗಿಯ ಎರಡು ಬೆರಳ ಅಳತೆಗೆ ಅದು ಸರಿಹೋಗುತ್ತೆ. ಅಕ್ಷರ ತೀರಾ ಸಣ್ಣದು ಮಾಡೋಕೆ ಒಪ್ಪಬೇಡ.

ಶನಿವಾರ ಇಲ್ಲಿ ಬೆಳಗ್ಗೆಯ ಸ್ಕೂಲು. ಹಾಸನದಿಂದ ಮೊದಲನೇ ಬಸ್ಸು ಹಿಡಿದು ಬಾ. ಮೂರನೇ ಅಧ್ಯಾಯ ಬೆಳೆಸಿ ಬರಿ, ನಾಲ್ಕು ಪ್ರತಿ ತೆಗೆಸು, ಮೇಲೆ ನಿನ್ನ ಹೆಸರು ಹಾಕಬೇಡ. ಮೇಷ್ಟ್ರಿಗೆ ಹೇಳಿದ್ದೇನೆ, ಹೊಸ ಪುಸ್ತಕಗಳ ಜೊತೆಗೇ ಮೇಜಿನ ಮೇಲೆ ಇಡೋಣ. ನಾವಿಬ್ಬರೂ ಕಿಟಕಿ ಹತ್ತಿರ ಕೂತಿರೋಣ. ಯಾರು ಎತ್ತಿಕೊಳ್ಳುತ್ತಾರೆ, ಎಷ್ಟನೇ ಪುಟದಲ್ಲಿ ತಲೆ ಎತ್ತುತ್ತಾರೆ, ಬೆಲ್ ಹೊಡೆದಾಗ ವಾಪಸ್ ಇಡುತ್ತಾರೋ ಬ್ಯಾಗಿಗೆ ಹಾಕಿಕೊಳ್ಳುತ್ತಾರೋ ನೋಡೋಣ. ಮಧ್ಯಾಹ್ನದ ಊಟಕ್ಕೆ ನಮ್ಮನೆಯಲ್ಲಿ ಅಕ್ಕಿ ರೊಟ್ಟಿ.

ನಿನ್ನ ಅಕ್ಕ